ಬೇಡದ ಕಾಗದ, ಬೇಕಾದ ಕಾಗದ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರ ಮಗಳು ಪ್ರಯೋಗಶಾಲೆಯ ಕೆಲಸದಲ್ಲಿ ತರಬೇತಿ ಪಡೆದವಳು. ಬೇರೆ ಊರಿನ ಒಂದು ಸಂಸ್ಥೆಗೆ ಅರ್ಜಿ ಹಾಕಿ, ಉತ್ತರ ಇ-ಮೇಲಿನಲ್ಲಿ ಬರುತ್ತದೆಂದು ಕಾದಿದ್ದಳು. ದಿನಕ್ಕೆ ಹತ್ತು ಸಲ ಫೋನು ತೆರೆದು ನೋಡುವಳು. ಸೀರೆಯ ರಿಯಾಯಿತಿಯ ಕಾಗದ ಬಂದಿತು, ಸಾಲ ಕೊಡುತ್ತೇವೆಂಬ ಕಾಗದ ಬಂದಿತು. ಬರಬೇಕಾದುದು ಮಾತ್ರ ಬರಲಿಲ್ಲ. ಮೂರು ವಾರ ಕಳೆದ ಮೇಲೆ ಧೈರ್ಯ ಮಾಡಿ ಸಂಸ್ಥೆಗೆ ಫೋನ್ ಮಾಡಿದಳು. “ಸಂದರ್ಶನಕ್ಕೆ ಕರೆದು ಮೇಲ್ ಕಳಿಸಿದ್ದೆವಲ್ಲ ಮೇಡಂ, ನೀವೇ ಬರಲಿಲ್ಲ. ಕೆಲಸ ಬೇರೊಬ್ಬರಿಗೆ ಆಯಿತು” ಎಂದರು. ಹುಡುಕಿ ನೋಡಿದರೆ ಕಾಗದ ಬಂದಿತ್ತು. ಸಂದರ್ಶನದ ದಿನಕ್ಕೆ ಎಂಟು ದಿನ ಮೊದಲೇ ಬಂದು, ‘ಸ್ಪ್ಯಾಮ್’ ಎಂಬ ಚೀಟಿ ಅಂಟಿಸಿದ ಬುಟ್ಟಿಯಲ್ಲಿ ಲಾಟರಿಯ ಕಾಗದಗಳ ನಡುವೆ ಬಿದ್ದಿತ್ತು.

ತಪ್ಪು ಯಾರದು? ಕಳಿಸಿದವರು ಕಳಿಸಿದ್ದಾರೆ, ಕಾದವಳು ಕಾದಿದ್ದಾಳೆ. ನಡುವೆ ಯಾವುದೋ ಯಂತ್ರ ಆ ಕಾಗದವನ್ನು ಕಸವೆಂದು ತೀರ್ಮಾನಿಸಿತು. ಅಂಚೆಯವನು ಪತ್ರವನ್ನು ಚರಂಡಿಗೆ ಎಸೆದನೆಂದರೆ ಊರೆಲ್ಲ ಗಲಾಟೆಯಾಗುತ್ತದೆ. ಇಲ್ಲಿ ಗಲಾಟೆ ಮಾಡಲು ಎದುರಿಗೆ ಯಾರೂ ಕಾಣುವುದಿಲ್ಲ. ಆದರೆ ಯಂತ್ರದ ಹಿಂದೆ ಮನುಷ್ಯರು ಇದ್ದೇ ಇರುತ್ತಾರೆ. ಅವರು ಯಾರು, ಬೇಡದ ಕಾಗದವನ್ನು ಹೇಗೆ ಗುರುತಿಸುತ್ತಾರೆ, ಬೇಕಾದುದು ಕಳೆಯದಂತೆ ಏನು ಮಾಡಬಹುದು ಎಂಬುದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ನೋಡೋಣ.

ಕಾಗದ ಹೋಗುವ ದಾರಿ

ಇ-ಮೇಲ್ ವಿಳಾಸದ ನಡುವೆ ಸುರುಳಿ ಸುತ್ತಿದ ‘ಆ್ಯಟ್’ ಗುರುತು ಇರುತ್ತದೆ. ೧೯೭೧ರಲ್ಲಿ ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್ಸನ್ ಎಂಬವರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಗದ ಕಳಿಸುವ ಏರ್ಪಾಡು ಮಾಡಿದಾಗ ಈ ಗುರುತನ್ನು ಆರಿಸಿಕೊಂಡರು. ಗುರುತಿನ ಎಡಕ್ಕಿರುವುದು ಪೆಟ್ಟಿಗೆಯ ಹೆಸರು. ಬಲಕ್ಕಿರುವುದು ಆ ಪೆಟ್ಟಿಗೆ ಇರುವ ಮನೆಯ ಹೆಸರು. ಈ ಮನೆಯ ಹೆಸರಿಗೆ ‘ಡೊಮೇನ್’ ಎನ್ನುತ್ತಾರೆ.

ನೀವು ಕಾಗದ ಬರೆದು ಗುಂಡಿ ಒತ್ತಿದೊಡನೆ, ನಿಮ್ಮ ಕಡೆಯ ಸರ್ವರ್, ಎಂದರೆ ಅಂಚೆಮನೆಯಂತೆ ಕೆಲಸ ಮಾಡುವ ಕಂಪ್ಯೂಟರು, ಒಂದು ಸಾರ್ವಜನಿಕ ಪಟ್ಟಿಯನ್ನು ಕೇಳುತ್ತದೆ: “ಈ ಮನೆಯ ಅಂಚೆಯನ್ನು ಯಾವ ಬಾಗಿಲಲ್ಲಿ ಕೊಡಬೇಕು?” ಉತ್ತರ ಸಿಕ್ಕಿದ ಮೇಲೆ ಆ ಬಾಗಿಲಿಗೆ ಹೋಗಿ, “ಇಂಥವರಿಂದ ಬಂದಿದ್ದೇನೆ, ಇಂಥವರಿಗೆ ಕಾಗದವಿದೆ” ಎಂದು ಹೇಳುತ್ತದೆ. ಒಳಗಿನ ಸರ್ವರ್ “ಸರಿ, ಕೊಡು” ಎನ್ನಬಹುದು. “ಆಮೇಲೆ ಬಾ” ಎನ್ನಬಹುದು. “ಬೇಡ” ಎಂದೂ ಹೇಳಬಹುದು. ಈ ಸಂಭಾಷಣೆಯ ಕ್ರಮವನ್ನು ಜಾನ್ ಪೋಸ್ಟೆಲ್ ಎಂಬವರು ೧೯೮೨ರಲ್ಲಿ ಬರೆದಿಟ್ಟರು. ಅದರ ಹೆಸರು ಎಸ್‌ಎಂಟಿಪಿ. ಅದರಲ್ಲಿ ಒಂದು ವಿಷಯ ಗಮನಿಸತಕ್ಕದ್ದು. ‘ಇಂಥವರಿಂದ’ ಎಂಬ ಮಾತನ್ನು ಕಳಿಸುವವನೇ ಹೇಳುತ್ತಾನೆ. ಅದು ನಿಜವೇ ಎಂದು ಪರೀಕ್ಷಿಸುವ ಪದ್ಧತಿ ಮೂಲದಲ್ಲಿ ಇರಲಿಲ್ಲ. ಇನ್‌ಲ್ಯಾಂಡ್ ಪತ್ರದ ಹಿಂದೆ ಯಾರು ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲವೆ, ಹಾಗೆಯೇ. ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರೇ ಹೆಚ್ಚಾಗಿ ಬಳಸುತ್ತಿದ್ದ ಕಾಲದಲ್ಲಿ ಅದರಿಂದ ತೊಂದರೆಯೂ ಆಗಿರಲಿಲ್ಲ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತುದು ೧೯೯೫ರ ಆಗಸ್ಟ್ ೧೫ರಂದು. ಮರುವರ್ಷ, ೧೯೯೬ರ ಜುಲೈ ೪ರಂದು, ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ತಮ್ಮ ಜೊತೆಗಾರ ಜಾಕ್ ಸ್ಮಿತ್ ಅವರೊಡನೆ ಅಮೆರಿಕದಲ್ಲಿ ‘ಹಾಟ್‌ಮೇಲ್’ ಆರಂಭಿಸಿದರು. ಸ್ವಂತ ಕಂಪ್ಯೂಟರ್ ಇಲ್ಲದವನೂ ದೂರದಲ್ಲೆಲ್ಲೋ ಒಂದು ಅಂಚೆಪೆಟ್ಟಿಗೆಯನ್ನು ಬಿಟ್ಟಿಯಾಗಿ ಇಟ್ಟುಕೊಳ್ಳುವ ಅನುಕೂಲ ಇದರಿಂದ ಜನಕ್ಕೆ ಒದಗಿತು.

ಸಗಟು ಮತ್ತು ಚಿಲ್ಲರೆ

ಬಿಟ್ಟಿ ಪೆಟ್ಟಿಗೆ ಮನೆಮಂದಿಗೆ ಸಾಕು. ಆದರೆ ಬ್ಯಾಡಗಿಯ ಮೆಣಸಿನಕಾಯಿ ವರ್ತಕರು, ರಾಣೆಬೆನ್ನೂರಿನ ಬೀಜದ ಅಂಗಡಿಯವರು, ಒಂದು ಶಾಲೆ, ಒಂದು ನರ್ಸಿಂಗ್ ಹೋಮ್, ಇವರಿಗೆ ತಮ್ಮದೇ ಹೆಸರಿನ ವಿಳಾಸ ಬೇಕು. ಅಂಗಡಿಗೆ ಬೋರ್ಡು ಇದ್ದಂತೆ ಅದೊಂದು ಮರ್ಯಾದೆ. ಹಾಗೆಂದು ಇವರು ಸ್ವಂತ ಸರ್ವರ್ ಇಟ್ಟು ನಡೆಸಲಾರರು. ಅದಕ್ಕೆ ಹಗಲಿರುಳೂ ವಿದ್ಯುತ್ ಬೇಕು, ಹಗಲಿರುಳೂ ಕಣ್ಣು ಬೇಕು.

ಆದ್ದರಿಂದ ಇಲ್ಲಿಯೂ ಮಂಡಿಯ ಪದ್ಧತಿಯೇ ಬಂದಿದೆ. ಸಾವಿರಾರು ಯಂತ್ರಗಳನ್ನು ಇಟ್ಟುಕೊಂಡು ಲಕ್ಷಗಟ್ಟಲೆ ಪೆಟ್ಟಿಗೆಗಳನ್ನು ನಡೆಸುವ ದೊಡ್ಡ ಕಂಪನಿಗಳು ಸಗಟು ವ್ಯಾಪಾರಿಗಳು. ಅವರಿಂದ ನೂರೋ ಇನ್ನೂರೋ ಪೆಟ್ಟಿಗೆಗಳನ್ನು ಕೊಂಡು, ಊರಿನ ಹತ್ತಿಪ್ಪತ್ತು ಗಿರಾಕಿಗಳಿಗೆ ಹಂಚುವವನು ಚಿಲ್ಲರೆ ವ್ಯಾಪಾರಿ. ಅವನಿಗೆ ‘ರೀಸೆಲರ್’ ಎನ್ನುತ್ತಾರೆ. ಹೆಚ್ಚಾಗಿ ಅವನು ವೆಬ್‌ಸೈಟ್ ಮಾಡಿಕೊಡುವ ತರುಣನೋ, ಕಂಪ್ಯೂಟರ್ ರಿಪೇರಿ ಅಂಗಡಿಯವನೋ ಆಗಿರುತ್ತಾನೆ. ಬಿಲ್ಲಿನ ಮೇಲೆ ಅವನ ಹೆಸರು. ಹಿಂದಿರುವ ದೊಡ್ಡ ಕಂಪನಿಯ ಹೆಸರನ್ನು ಗಿರಾಕಿ ಕೇಳಿಯೂ ಇರುವುದಿಲ್ಲ. ಕಾಗದ ಬರಲಿಲ್ಲವೆಂದರೆ ಬೆಳಗ್ಗೆ ಆರು ಗಂಟೆಗೆ ಫೋನ್ ಹೋಗುವುದು ಇವನಿಗೇ. “ಏನಪ್ಪಾ, ನಿನ್ನ ಮೇಲ್ ನಂಬಿ ಆರ್ಡರ್ ಕಳಕೊಂಡೆನಲ್ಲ” ಎಂಬ ಮಾತು ಕೇಳಬೇಕಾದವನೂ ಇವನೇ.

ಅವನು ಮಾರುವ ವಸ್ತು ಪೆಟ್ಟಿಗೆಯಲ್ಲ. ಬರಬೇಕಾದ ಕಾಗದ ಬರುತ್ತದೆ, ಹೋಗಬೇಕಾದುದು ಹೋಗುತ್ತದೆ ಎಂಬ ನಂಬಿಕೆ. ಆ ನಂಬಿಕೆಗೆ ಅಡ್ಡ ಬಂದುದು ಸ್ಪ್ಯಾಮ್.

ಕಸ ಎಲ್ಲಿಂದ ಬಂತು?

ಈ ಜಾಡ್ಯ ಹೊಸದಲ್ಲ. ಬೇಡದ ಕಾಗದಗಳನ್ನು ಕಳಿಸುವವರನ್ನು ತಡೆಯುವ ಉಪಾಯ ನಮ್ಮಲ್ಲಿಲ್ಲವಲ್ಲ ಎಂದು ಜಾನ್ ಪೋಸ್ಟೆಲ್ ಅವರು ೧೯೭೫ರಲ್ಲಿಯೇ ಒಂದು ಟಿಪ್ಪಣಿ ಬರೆದಿದ್ದರು. ೧೯೭೮ರ ಮೇ ೩ರಂದು ಗ್ಯಾರಿ ಥ್ಯುಯರ್ಕ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರರು, ತಮ್ಮ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬನ್ನಿರೆಂದು ಸುಮಾರು ನಾನ್ನೂರು ಮಂದಿಗೆ ಒಂದೇ ಸಲ ಕಾಗದ ಕಳಿಸಿದರು. ಹಲವರು ಸಿಟ್ಟಾದರು. ೧೯೯೪ರ ಏಪ್ರಿಲಿನಲ್ಲಿ ಅಮೆರಿಕದ ಅರಿಜೋನಾದ ಇಬ್ಬರು ವಕೀಲರು ‘ಗ್ರೀನ್ ಕಾರ್ಡ್’ ಲಾಟರಿಯ ಜಾಹೀರಾತನ್ನು ಸಾವಿರಾರು ಚರ್ಚಾಕೂಟಗಳಿಗೆ ಒಟ್ಟಿಗೆ ಸುರಿದರು. ಅಲ್ಲಿಂದಾಚೆಗೆ ಕಟ್ಟೆ ಒಡೆದಂತಾಯಿತು.

‘ಸ್ಪ್ಯಾಮ್’ ಎಂಬ ಹೆಸರಿನ ಕಥೆ ಸ್ವಾರಸ್ಯವಾಗಿದೆ. ಅದು ೧೯೩೭ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸದ ಹೆಸರು. ೧೯೭೦ರಲ್ಲಿ ಇಂಗ್ಲೆಂಡಿನ ‘ಮಾಂಟಿ ಪೈಥಾನ್’ ಎಂಬ ಟೆಲಿವಿಷನ್ ಹಾಸ್ಯ ತಂಡ ಒಂದು ಪ್ರಹಸನ ಆಡಿತು. ಅದರಲ್ಲಿ ಹೋಟೆಲಿನ ಹೆಚ್ಚಿನ ತಿಂಡಿಗಳಲ್ಲಿ ಈ ಮಾಂಸ ಇದ್ದೇ ಇರುತ್ತದೆ. ಪಕ್ಕದ ಮೇಜಿನವರು ಅದರ ಹೆಸರನ್ನೇ ಗಟ್ಟಿಯಾಗಿ ಹಾಡತೊಡಗಿ ಉಳಿದವರ ಮಾತು ಕೇಳಿಸದಂತೆ ಮಾಡುತ್ತಾರೆ. ಬೇರೆಯವರ ಮಾತನ್ನು ಮುಳುಗಿಸುವ ಗದ್ದಲಕ್ಕೆ ಆ ಹೆಸರು ನಿಂತುಬಿಟ್ಟಿತು.

ಈ ಕಸ ಇಷ್ಟೊಂದು ಏಕೆ? ಕಾರಣ ಲೆಕ್ಕದಲ್ಲಿದೆ. ಅಂಚೆಯ ಕಾಗದಕ್ಕೆ ಕಳಿಸುವವನು ಸ್ಟಾಂಪು ಕೊಳ್ಳಬೇಕು. ಒಂದು ಲಕ್ಷ ಕಾಗದ ಕಳಿಸಬೇಕೆಂದರೆ ಎದೆ ನಡುಗುತ್ತದೆ. ಇ-ಮೇಲಿನಲ್ಲಿ ಒಂದಕ್ಕೂ ಲಕ್ಷಕ್ಕೂ ಖರ್ಚಿನಲ್ಲಿ ಹೆಚ್ಚು ಅಂತರವಿಲ್ಲ. ಲಕ್ಷದಲ್ಲಿ ಒಬ್ಬಿಬ್ಬರು ಬಲೆಗೆ ಬಿದ್ದರೂ ಲಾಭವೇ. ತೆರೆಯುವ, ಅಳಿಸುವ, ಸೋಸುವ ವೆಚ್ಚವೆಲ್ಲ ಪಡೆಯುವವನ ಪಾಲಿಗೆ.

ಜರಡಿಯ ಪದರಗಳು

ಒಂದೇ ಜರಡಿಯಿಂದ ಈ ಕಸ ಹೋಗುವುದಿಲ್ಲ. ರಾಗಿಯನ್ನು ಮೊದಲು ತೂರಿ, ಆಮೇಲೆ ಕೇರಿ, ಕೊನೆಗೆ ಕಲ್ಲು ಆರಿಸುವಂತೆ ಇಲ್ಲಿಯೂ ಹಲವು ಹಂತಗಳುಂಟು.

ಮೊದಲನೆಯದು ಬಾಗಿಲ ಕಾವಲು. ಕಸ ಕಳಿಸುವ ಯಂತ್ರಗಳ ಸಂಖ್ಯಾವಿಳಾಸಗಳನ್ನು, ಎಂದರೆ ‘ಐ.ಪಿ.’ ಸಂಖ್ಯೆಗಳನ್ನು, ಪಟ್ಟಿ ಮಾಡಿಡುವವರಿದ್ದಾರೆ. ಪಾಲ್ ವಿಕ್ಸಿ ಎಂಬವರ ಪಟ್ಟಿ ೧೯೯೭ರಲ್ಲಿ ಬಳಕೆಗೆ ಬಂತು. ಮರುವರ್ಷ ಲಂಡನ್ನಿನಲ್ಲಿ ‘ಸ್ಪ್ಯಾಮ್‌ಹೌಸ್’ ಎಂಬ ಸಂಸ್ಥೆ ಹುಟ್ಟಿತು. ಬಾಗಿಲಿಗೆ ಬಂದ ಯಂತ್ರದ ಸಂಖ್ಯೆ ಪಟ್ಟಿಯಲ್ಲಿದೆಯೇ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿ, ಇದ್ದರೆ ಹಿಂದಕ್ಕೆ ಕಳಿಸಬಹುದು. ಅಗ್ಗದ ಉಪಾಯ, ಕಸದ ದೊಡ್ಡ ಪಾಲು ಇಲ್ಲಿಯೇ ನಿಲ್ಲುತ್ತದೆ.

ಎರಡನೆಯದು “ಆಮೇಲೆ ಬಾ” ಎನ್ನುವ ಉಪಾಯ. ಇದನ್ನು ೨೦೦೩ರಲ್ಲಿ ಇವಾನ್ ಹ್ಯಾರಿಸ್ ಎಂಬವರು ಬರೆದು ತಿಳಿಸಿದರು. ಗುರುತಿಲ್ಲದ ಯಂತ್ರ ಮೊದಲ ಸಲ ಬಂದಾಗ, ಈಗ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಹೇಳುವುದು. ನೆಟ್ಟಗಿನ ಸರ್ವರ್ ಮತ್ತೆ ಬರುತ್ತದೆ. ಅದು ಅದರ ಧರ್ಮ. ಲಕ್ಷಗಟ್ಟಲೆ ಸುರಿಯುವ ಅವಸರದವನಿಗೆ ಅಷ್ಟು ವ್ಯವಧಾನ ಸಾಮಾನ್ಯವಾಗಿ ಇರುವುದಿಲ್ಲ. ಇದರ ದೋಷವೆಂದರೆ ಒಳ್ಳೆಯ ಕಾಗದವೂ ತಡವಾಗುತ್ತದೆ. ಹತ್ತು ನಿಮಿಷದಲ್ಲಿ ಕೆಟ್ಟುಹೋಗುವ ಗುಪ್ತಸಂಖ್ಯೆ ಆ ಕಾಗದದಲ್ಲಿದ್ದರೆ ಕಷ್ಟವಾಗುತ್ತದೆ.

ಮೂರನೆಯದು ಅಂಕ ಹಾಕುವ ಪದ್ಧತಿ. ೨೦೦೧ರಲ್ಲಿ ಬಂದ ‘ಸ್ಪ್ಯಾಮ್ ಅಸಾಸಿನ್’ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ಹೆಸರಾಯಿತು. ಕಾಗದದಲ್ಲಿ ಅನುಮಾನದ ಗುರುತು ಕಂಡಂತೆಲ್ಲ ಅಂಕ ಕೂಡಿಸುವುದು, ಒಳ್ಳೆಯ ಗುರುತಿಗೆ ಕಳೆಯುವುದು. ಮೊತ್ತ ಐದಕ್ಕೆ ಮುಟ್ಟಿದರೆ ಸ್ಪ್ಯಾಮ್ ಎಂದು ತೀರ್ಪು. ಐದು ಎಂಬುದು ತಯಾರಕರು ಇಟ್ಟುಕೊಟ್ಟ ಮಿತಿ. ನಡೆಸುವವನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ನಾಲ್ಕನೆಯದು ಅನುಭವದಿಂದ ಕಲಿಯುವ ಜರಡಿ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಸಂಭವನೀಯತೆಯ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ಅದು ಅವರು ತೀರಿಕೊಂಡ ಮೇಲೆ ೧೭೬೩ರಲ್ಲಿ ಪ್ರಕಟವಾಯಿತು. ಅಲ್ಲಿಂದ ಬೆಳೆದ ಗಣಿತವನ್ನು ೨೦೦೨ರಲ್ಲಿ ಪಾಲ್ ಗ್ರಹಾಂ ಎಂಬವರು ಸ್ಪ್ಯಾಮಿಗೆ ಅನ್ವಯಿಸಿ ಬರೆದ ಲೇಖನ ಬಹಳ ಪ್ರಚಾರ ಪಡೆಯಿತು. ಅದರ ತಿರುಳು ಸುಲಭ. ನಿಮ್ಮ ಪೆಟ್ಟಿಗೆಯ ನೂರು ಕಸದ ಕಾಗದಗಳಲ್ಲಿ ‘ಬಹುಮಾನ’ ಎಂಬ ಮಾತು ನಲವತ್ತರಲ್ಲಿ ಇದೆಯೆನ್ನಿ; ನೂರು ಒಳ್ಳೆಯ ಕಾಗದಗಳಲ್ಲಿ ಒಂದರಲ್ಲಿ ಮಾತ್ರ ಇದೆಯೆನ್ನಿ. ಹಾಗಾದರೆ ಆ ಮಾತುಳ್ಳ ಹೊಸ ಕಾಗದ ಕಸವಾಗಿರುವ ಸಂಭವ ಹೆಚ್ಚು. ಒಂದು ಮಾತಿನಿಂದ ತೀರ್ಮಾನಿಸದೆ ಹಲವು ಮಾತುಗಳ ಸಾಕ್ಷ್ಯವನ್ನು ಕೂಡಿಸಿ ಜರಡಿ ತೀರ್ಪು ಕೊಡುತ್ತದೆ. ನೀವು “ಇದು ಸ್ಪ್ಯಾಮ್”, “ಇದು ಸ್ಪ್ಯಾಮ್ ಅಲ್ಲ” ಎಂದು ಗುಂಡಿ ಒತ್ತಿದಂತೆಲ್ಲ ಅದಕ್ಕೆ ಪಾಠವಾಗುತ್ತದೆ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಮಾತಿದೆ. ಇಂಥ ಜರಡಿಗೆ ತೋರಿಸಿದ್ದಷ್ಟೇ ಗೊತ್ತು. ಇಂಗ್ಲಿಷ್ ಕಾಗದಗಳನ್ನೇ ಓದಿ ಬೆಳೆದ ಜರಡಿಗೆ ಕನ್ನಡದ ಪದಗಳು ಒಳ್ಳೆಯವೋ ಕೆಟ್ಟವೋ ತಿಳಿಯುವುದಿಲ್ಲ. ಆಗ ಅದು ಹೊರಗಿನ ಗುರುತುಗಳಿಂದಲೇ ತೀರ್ಪು ಕೊಡಬೇಕಾಗುತ್ತದೆ. ಪರಿಚಯವಿಲ್ಲದ ಭಾಷೆಗೆ ಅಂಕ ಹಾಕುವ ಏರ್ಪಾಡೂ ಕೆಲವು ಜರಡಿಗಳಲ್ಲಿದೆ. ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಶಾಲೆ, ಸೊಸೈಟಿಗಳಿಗೆ ಸೇವೆ ಮಾರುವವನು ಈ ಏರ್ಪಾಡು ಹೇಗಿದೆ ಎಂದು ಮೊದಲೇ ನೋಡಿಕೊಂಡಿರಬೇಕು.

ಐದನೆಯದು ಹತ್ತು ಜನರ ಕಣ್ಣು. ವಿಪುಲ್ ವೇದ್ ಪ್ರಕಾಶ್ ಎಂಬ ಭಾರತೀಯ ತರುಣರು ೧೯೯೮ರಲ್ಲಿ ‘ರೇಜರ್’ ಎಂಬ ಏರ್ಪಾಡು ಮಾಡಿದರು. ಒಬ್ಬನಿಗೆ ಬಂದ ಕಸದ ಗುರುತನ್ನು ಎಲ್ಲರಿಗೂ ತಿಳಿಸಿಬಿಟ್ಟರೆ ಉಳಿದವರ ಬಾಗಿಲಲ್ಲಿ ಅದೇ ಕಾಗದವನ್ನು ತಡೆಯಬಹುದು ಎಂಬುದು ಅದರ ಮರ್ಮ. ದೊಡ್ಡ ಕಂಪನಿಗಳ ಜರಡಿಗಳು ಈಗ ಈ ಎಲ್ಲ ಉಪಾಯಗಳನ್ನೂ ಬೆರೆಸಿಕೊಂಡಿವೆ.

ಎರಡು ತಪ್ಪು, ಎರಡು ತೂಕ

ಜರಡಿ ಎರಡು ಬಗೆಯಲ್ಲಿ ತಪ್ಪಬಹುದು. ಕಸವನ್ನು ಒಳಗೆ ಬಿಡುವುದು ಒಂದು; ಕಾಳನ್ನು ಹೊರಗೆ ಎಸೆಯುವುದು ಇನ್ನೊಂದು. ರೇಡಿಯೋ ಕೇಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದ ರಾತ್ರಿ ದೂರದ ಕೇಂದ್ರ ಹಿಡಿದಾಗ ಗೊರಗೊರ ಸದ್ದು ಬರುತ್ತದೆ. ಸದ್ದು ಅಡಗಲೆಂದು ತಿರುಪು ತಿರುಗಿಸಿದರೆ ಹಾಡೂ ಮಂಕಾಗುತ್ತದೆ. ಸದ್ದು ಪೂರ್ತಿ ಹೋಗಲೇಬೇಕೆಂದು ಹಟ ಹಿಡಿದವನಿಗೆ ಉಳಿಯುವುದು ಮೌನವೇ.

ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಒಂದು ಕಸದ ಕಾಗದ ಒಳಗೆ ಬಂದರೆ ಎರಡು ಸೆಕೆಂಡಿನಲ್ಲಿ ಅಳಿಸಬಹುದು. ಮೋಸದ ಕಾಗದವಾದರೆ ಅಪಾಯ ಉಂಟು, ನಿಜ. ಆದರೂ ಅದು ಕಣ್ಣೆದುರಿಗಿದೆ, ಎಚ್ಚರ ವಹಿಸಬಹುದು. ಕಳೆದುಹೋದ ಕಾಗದ ಕಳೆದಿದೆಯೆಂದೇ ನಮಗೆ ತಿಳಿಯದು. ಉಪಾಧ್ಯಾಯರ ಮಗಳಿಗೆ ಆದುದು ಅದೇ.

“ನಮ್ಮ ಜರಡಿ ನೂರಕ್ಕೆ ತೊಂಬತ್ತೊಂಬತ್ತು ಸರಿ” ಎಂದು ಮಾರುವವನು ಹೇಳಿದರೆ, ಯಾವ ತೊಂಬತ್ತೊಂಬತ್ತು ಎಂದು ಕೇಳಬೇಕು. ಒಬ್ಬ ರೀಸೆಲರನ ಗಿರಾಕಿಗಳಿಗೆಲ್ಲ ಸೇರಿ ದಿನಕ್ಕೆ ಸಾವಿರ ಕಾಗದ ಬರುತ್ತದೆ, ಅದರಲ್ಲಿ ಇನ್ನೂರು ಒಳ್ಳೆಯವು ಎಂದಿಟ್ಟುಕೊಳ್ಳಿ. ಒಳ್ಳೆಯ ಕಾಗದಗಳಲ್ಲಿ ನೂರಕ್ಕೆ ಒಂದು ತಪ್ಪಿದರೆ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು, ವರ್ಷಕ್ಕೆ ಏಳುನೂರಕ್ಕೂ ಮೇಲೆ. ಆ ಏಳುನೂರರಲ್ಲಿ ಯಾರದೋ ನೌಕರಿ ಇರಬಹುದು, ಯಾರದೋ ರೋಗಪರೀಕ್ಷೆಯ ವರದಿ ಇರಬಹುದು. ಕಸದ ಬಗ್ಗೆ ನೂರಕ್ಕೆ ಒಂದು ತಪ್ಪು ಸಹ್ಯ. ಕಾಳಿನ ಬಗ್ಗೆ ಅಲ್ಲ.

ತಪ್ಪು ಪೂರ್ತಿ ತಪ್ಪದು. ಆದ್ದರಿಂದ ತಪ್ಪಾದಾಗ ತಿದ್ದಿಕೊಳ್ಳುವ ದಾರಿ ಇರಬೇಕು. ಅನುಮಾನದ ಕಾಗದವನ್ನು ಮೂರು ಬಗೆಯಲ್ಲಿ ನಡೆಸಿಕೊಳ್ಳಬಹುದು. ಬಾಗಿಲಲ್ಲಿಯೇ “ಬೇಡ” ಎಂದು ಕಾರಣ ಹೇಳಿ ಹಿಂದಕ್ಕೆ ಕಳಿಸುವುದು ಒಂದು. ಆಗ ನಿಜವಾದ ಕಳುಹಿಸಿದವನಿಗೆ “ನಿಮ್ಮ ಕಾಗದ ತಲುಪಲಿಲ್ಲ” ಎಂದು ತಿಳಿಯುತ್ತದೆ. ಅವನು ಫೋನ್ ಮಾಡಿಯಾನು. ಒಳಗೆ ತೆಗೆದುಕೊಂಡು ಪ್ರತ್ಯೇಕವಾಗಿ ಇಟ್ಟು, ದಿನಕ್ಕೊಮ್ಮೆ “ಇವು ತಡೆದ ಕಾಗದಗಳು, ನೋಡಿಕೊಳ್ಳಿ” ಎಂದು ಪಟ್ಟಿ ಕಳಿಸುವುದು ಇನ್ನೊಂದು. ಯಾರಿಗೂ ಹೇಳದೆ ಸುಟ್ಟುಬಿಡುವುದು ಮೂರನೆಯದು. ಮೊದಲಿನ ಎರಡೂ ಮರ್ಯಾದೆಯ ದಾರಿಗಳು. ಮೂರನೆಯದನ್ನು ಒಳ್ಳೆಯ ಸೇವೆಯಲ್ಲಿ ಇಟ್ಟುಕೊಳ್ಳಬಾರದು.

ಒಳಗೆ ತೆಗೆದುಕೊಂಡ ಮೇಲೆ ಕಸವೆಂದು ಗೊತ್ತಾಗಿ ಹಿಂದಕ್ಕೆ ಕಳಿಸುವುದೂ ಸರಿಯಲ್ಲ. ಏಕೆಂದರೆ ಕಸದ ಕಾಗದದ ಮೇಲಿನ ಹೆಸರು ಹೆಚ್ಚಾಗಿ ಸುಳ್ಳು. ಹಿಂದಕ್ಕೆ ಕಳಿಸಿದರೆ ಅದು ಏನೂ ಅರಿಯದ ಯಾರದೋ ಮನೆಗೆ ಹೋಗಿ ಬೀಳುತ್ತದೆ.

ಒಬ್ಬ ಗಿರಾಕಿಯ ತಪ್ಪು, ಎಲ್ಲರಿಗೂ ದಂಡ

ಆ ಸಂದರ್ಶನದ ಕಾಗದ ಕಸದ ಬುಟ್ಟಿಗೆ ಬಿದ್ದುದೇಕೆ? ಪ್ರತಿ ಇ-ಮೇಲಿನ ತಲೆಯ ಮೇಲೆ, ಸಾಮಾನ್ಯವಾಗಿ ಕಾಣದಂತೆ, ಅದು ಹಾದುಬಂದ ದಾರಿಯ ಮುದ್ರೆಗಳಿರುತ್ತವೆ. ಕಂಪ್ಯೂಟರ್ ಅಂಗಡಿಯ ಹುಡುಗನೊಬ್ಬ ಅದನ್ನು ಬಿಡಿಸಿ ಓದಿದ. ಎರಡು ಸಂಗತಿ ಹೊರಬಿದ್ದವು. ಆ ಸಂಸ್ಥೆಯ ಅಂಚೆ ಹೊರಡುತ್ತಿದ್ದ ಸರ್ವರಿನಲ್ಲಿ ಇನ್ನೂ ಅನೇಕ ಗಿರಾಕಿಗಳಿದ್ದರು. ಆ ಸರ್ವರಿನ ಐ.ಪಿ. ಸಂಖ್ಯೆ ಕಸದವರ ಪಟ್ಟಿಯಲ್ಲಿತ್ತು. ಎರಡನೆಯದಾಗಿ, ಸಂಸ್ಥೆಯ ಡೊಮೇನಿಗೆ ಗುರುತಿನ ದಾಖಲೆಗಳನ್ನು ಯಾರೂ ಬರೆದಿಡಲೇ ಇಲ್ಲ.

ಒಂದು ಹಂಡೆ ಹಾಲಿಗೆ ಒಂದು ತೊಟ್ಟು ಹುಳಿ ಸಾಕು. ಒಂದೇ ಐ.ಪಿ. ಸಂಖ್ಯೆಯಿಂದ ನೂರು ಗಿರಾಕಿಗಳ ಅಂಚೆ ಹೊರಡುವಾಗ, ಅವರಲ್ಲಿ ಒಬ್ಬನ ಪಾಸ್‌ವರ್ಡ್ ಕದ್ದುಹೋದರೆ, ಕಳ್ಳನು ರಾತ್ರೋರಾತ್ರಿ ಅವನ ಹೆಸರಿನಲ್ಲಿ ಸಾವಿರಾರು ಕಸದ ಕಾಗದ ಕಳಿಸುತ್ತಾನೆ. ಬೆಳಗಾಗುವುದರೊಳಗೆ ಆ ಸಂಖ್ಯೆ ಪಟ್ಟಿಗೆ ಏರುತ್ತದೆ. ಉಳಿದ ತೊಂಬತ್ತೊಂಬತ್ತು ಮಂದಿಯ ನೆಟ್ಟಗಿನ ಕಾಗದಗಳಿಗೂ ಬಾಗಿಲು ಮುಚ್ಚುತ್ತದೆ.

ಅಂಚೆಗೆ ಜಾಗ ಕೊಟ್ಟವರು ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆಂಬುದಕ್ಕೆ ೨೦೦೮ರ ನವೆಂಬರಿನ ಘಟನೆ ದೊಡ್ಡ ನಿದರ್ಶನ. ಅಮೆರಿಕದ ಸ್ಯಾನ್ ಹೊಸೆಯಲ್ಲಿ ‘ಮೆಕ್ಕೋಲೊ’ ಎಂಬ ಕಂಪನಿ ಇತ್ತು. ಸ್ಪ್ಯಾಮ್ ಸುರಿಯುವ ಜಾಲಗಳನ್ನು ನಡೆಸುವ ಯಂತ್ರಗಳು ಅಲ್ಲಿದ್ದವು. ಅದಕ್ಕೆ ಸಂಪರ್ಕ ಕೊಟ್ಟಿದ್ದವರು ತಂತಿ ಕಡಿದೊಡನೆ ಲೋಕದ ಸ್ಪ್ಯಾಮ್ ಒಮ್ಮೆಲೇ ಅರ್ಧಕ್ಕಿಂತಲೂ ಕೆಳಗೆ ಇಳಿಯಿತೆಂದು ಅಳೆದು ನೋಡಿದವರು ಹೇಳಿದರು. ಕೆಲವು ತಿಂಗಳಲ್ಲಿ ಅದು ಬೇರೆ ಕಡೆಗಳಿಂದ ಮತ್ತೆ ಏರಿತು, ನಿಜ. ಆದರೂ ಜಾಗ ಕೊಡುವವನ ಹೊಣೆ ಎಷ್ಟೆಂಬುದು ಜಗತ್ತಿಗೆಲ್ಲ ಗೊತ್ತಾಯಿತು.

ಇನ್ನು ಗುರುತಿನ ದಾಖಲೆಗಳ ಮಾತು. ಎಸ್‌ಎಂಟಿಪಿಯಲ್ಲಿ ಇಲ್ಲದ ಪರೀಕ್ಷೆಯನ್ನು ಈಗ ಮೂರು ಏರ್ಪಾಡುಗಳು ಒದಗಿಸಿವೆ. ಮೊದಲನೆಯದು ಎಸ್‌ಪಿಎಫ್: “ನಮ್ಮ ಮನೆಯ ಅಂಚೆ ಈ ಸರ್ವರುಗಳಿಂದ ಮಾತ್ರ ಹೊರಡುತ್ತದೆ” ಎಂದು ಡೊಮೇನಿನವರು ಪ್ರಕಟಿಸುವ ಪಟ್ಟಿ. ಎರಡನೆಯದು ಡಿಕಿಮ್: ಹಳೆಯ ಕಾಲದ ಅರಗಿನ ಮುದ್ರೆಯಂತೆ ಪ್ರತಿ ಕಾಗದಕ್ಕೂ ಗಣಿತದ ಮುದ್ರೆ ಹಾಕುವುದು, ದಾರಿಯಲ್ಲಿ ಯಾರಾದರೂ ತಿದ್ದಿದರೆ ಮುದ್ರೆ ಹೊಂದುವುದಿಲ್ಲ. ಮೂರನೆಯದು ಡಿಮಾರ್ಕ್: ಈ ಪರೀಕ್ಷೆಗಳಲ್ಲಿ ಸೋತ ಕಾಗದವನ್ನು ಏನು ಮಾಡಬೇಕೆಂದು ಡೊಮೇನಿನವರೇ ಹೇಳಿಡುವುದು. ಇವು ಕ್ರಮವಾಗಿ ೨೦೦೬, ೨೦೦೭ ಮತ್ತು ೨೦೧೫ರಲ್ಲಿ ಇಂಟರ್‌ನೆಟ್ಟಿನ ದಾಖಲೆಗಳಾಗಿ ಪ್ರಕಟವಾದವು. ಮುದ್ರೆ ಇದ್ದ ಮಾತ್ರಕ್ಕೆ ಕಾಗದ ಒಳ್ಳೆಯದೆಂದಲ್ಲ. ಹೆಸರು ನಿಜವೆಂದಷ್ಟೇ ಅರ್ಥ.

೨೦೨೪ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು. ಜೀಮೇಲಿಗೆ ದಿನಕ್ಕೆ ಐದು ಸಾವಿರಕ್ಕೆ ಮೇಲ್ಪಟ್ಟು ಕಳಿಸುವವರು ಈ ನಿಯಮಕ್ಕೆ ಒಳಪಡುತ್ತಾರೆ; ಸಣ್ಣವರಿಗೂ ಮೊದಲಿನ ಎರಡರಲ್ಲಿ ಒಂದಾದರೂ ಬೇಕು. “ಇದು ಸ್ಪ್ಯಾಮ್” ಎಂದು ದೂರುವವರ ಪ್ರಮಾಣ ಸಾವಿರಕ್ಕೆ ಮೂರನ್ನು ಮುಟ್ಟಬಾರದೆಂದೂ ಹೇಳಿದರು.

ಹಾಗಾದರೆ ಒಳ್ಳೆಯ ರೀಸೆಲರ್ ಮಾಡಬೇಕಾದುದೇನು? ಗಿರಾಕಿ ಸೇರಿದ ದಿನವೇ ಈ ಮೂರು ದಾಖಲೆಗಳನ್ನು ಬರೆದುಕೊಡಬೇಕು. ಒಳಗೆ ಬರುವ ಅಂಚೆಯಂತೆ ಹೊರಗೆ ಹೋಗುವ ಅಂಚೆಯನ್ನೂ ಸೋಸಬೇಕು. ಒಂದು ಪೆಟ್ಟಿಗೆಯಿಂದ ಗಂಟೆಗೆ ಇಷ್ಟೇ ಕಾಗದವೆಂದು ಮಿತಿ ಇಡಬೇಕು. ದಿನಕ್ಕೆ ಇಪ್ಪತ್ತು ಬರೆಯುವ ಬೀಜದಂಗಡಿ ನಡುರಾತ್ರಿ ಎರಡು ಸಾವಿರ ಬರೆಯತೊಡಗಿದರೆ ತಾನಾಗಿ ನಿಲ್ಲಬೇಕು. ಪಾಸ್‌ವರ್ಡಿನ ಜೊತೆಗೆ ಫೋನಿನ ಸಂಕೇತವನ್ನೂ ಕೇಳುವ ಎರಡು ಬೀಗದ ಪದ್ಧತಿ ಇಡಬೇಕು. ಜಾಹೀರಾತಿನ ಅಂಚೆಯನ್ನೂ ದಿನಬಳಕೆಯ ಅಂಚೆಯನ್ನೂ ಬೇರೆ ಬೇರೆ ಐ.ಪಿ. ಸಂಖ್ಯೆಗಳಿಂದ ಕಳಿಸಬೇಕು. “ನನ್ನ ಕಾಗದ ಎಲ್ಲಿ ಹೋಯಿತು?” ಎಂದು ಗಿರಾಕಿ ಕೇಳಿದರೆ, ಇಷ್ಟು ಗಂಟೆಗೆ ಬಂತು, ಈ ಕಾರಣಕ್ಕೆ ತಡೆಯಿತು ಎಂದು ತೋರಿಸುವ ಅನುಕೂಲ ಇರಬೇಕು. ಸಗಟು ಕಂಪನಿಯವರೂ ಈ ಅನುಕೂಲವನ್ನು ಚಿಲ್ಲರೆಯವನ ಕೈಗೇ ಕೊಡಬೇಕು. ಪ್ರತಿ ದೂರಿಗೂ ದೂರದ ಕಚೇರಿಗೆ ಬರೆದು ಎರಡು ದಿನ ಕಾಯುವಂತಿದ್ದರೆ ಕಾಗದ ಸಿಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಮನೆಯವರ ಕೆಲಸ

ಇದರಲ್ಲಿ ನಮ್ಮ ನಿಮ್ಮ ಪಾಲೂ ಸ್ವಲ್ಪ ಇದೆ. ವಾರಕ್ಕೊಮ್ಮೆಯಾದರೂ, ಏನಾದರೂ ಕಾಯುತ್ತಿದ್ದರೆ ದಿನಕ್ಕೊಮ್ಮೆ, ಸ್ಪ್ಯಾಮ್ ಬುಟ್ಟಿಯನ್ನು ನೋಡಬೇಕು. ಜೀಮೇಲಿನಲ್ಲಿ ಆ ಬುಟ್ಟಿಗೆ ಬಿದ್ದುದು ಮೂವತ್ತು ದಿನಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಒಳ್ಳೆಯ ಕಾಗದ ಅಲ್ಲಿ ಕಂಡರೆ ಓದಿ ಸುಮ್ಮನಾಗದೆ “ಸ್ಪ್ಯಾಮ್ ಅಲ್ಲ” ಎಂಬ ಗುಂಡಿ ಒತ್ತಬೇಕು. ನಾವೇ ಕೇಳಿ ತರಿಸಿಕೊಂಡ ಕಾಗದ ಸಾಕೆನಿಸಿದಾಗ ಸ್ಪ್ಯಾಮ್ ಎಂದು ದೂರಬಾರದು. ಅದರ ಕೊನೆಯಲ್ಲಿರುವ ‘ಬೇಡ’ ಎಂಬ ಕೊಂಡಿಯಿಂದ ನಿಲ್ಲಿಸಬೇಕು. ಗುರುತೇ ಇಲ್ಲದವರ ಕಾಗದದಲ್ಲಿ ಮಾತ್ರ ಯಾವ ಕೊಂಡಿಯನ್ನೂ ಒತ್ತಬಾರದು. ಬ್ಯಾಂಕಿನ ಹೆಸರು ಹೇಳಿ ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಕೇಳುವ ಕಾಗದ ಮೋಸವೇ ಸರಿ. ಮೋಸಕ್ಕೆ ಸಿಕ್ಕಿ ಹಣ ಹೋದರೆ ನಾಚಿಕೊಂಡು ಕೂಡದೆ ಒಡನೆಯೇ ೧೯೩೦ಕ್ಕೆ ಫೋನ್ ಮಾಡಬೇಕು. ಅದು ಇದಕ್ಕಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ.

ಕಾಗದ ಕಳಿಸುವವರಿಗೂ ಒಂದು ಮಾತು. ಒಬ್ಬರ ನೌಕರಿ, ಚಿಕಿತ್ಸೆ, ಪರೀಕ್ಷೆ ಒಂದು ಇ-ಮೇಲಿನ ಮೇಲೆ ನಿಂತಿದ್ದರೆ, ಕಳಿಸಿದೆವೆಂದು ಕೈತೊಳೆದುಕೊಳ್ಳಬಾರದು. ಉತ್ತರ ಬಾರದಿದ್ದರೆ ಒಂದು ಫೋನ್ ಮಾಡುವುದು ದೊಡ್ಡ ಖರ್ಚಲ್ಲ.

ಉಪಾಧ್ಯಾಯರ ಮಗಳು ಈಗ ಮತ್ತೆ ಎರಡು ಕಡೆ ಅರ್ಜಿ ಹಾಕಿದ್ದಾಳೆ. ಆ ಸಂಸ್ಥೆಗೆ ಕಾಗದ ಬರೆದು, “ನಿಮ್ಮ ಅಂಚೆ ಕಸದ ಬುಟ್ಟಿಗೆ ಬೀಳುತ್ತಿದೆ, ಉಳಿದವರಿಗೂ ಹೀಗಾದೀತು, ಸರಿಪಡಿಸಿಕೊಳ್ಳಿ” ಎಂದು ತಿಳಿಸಿದಳಂತೆ. ಅವರು ತಮ್ಮ ರೀಸೆಲರನನ್ನು ಕರೆಸಿ ದಾಖಲೆಗಳನ್ನು ಬರೆಸಿದರೆಂದು ಉತ್ತರ ಬಂದಿದೆ. ಆ ಉತ್ತರ ಈ ಸಲ ಸರಿಯಾದ ಪೆಟ್ಟಿಗೆಗೇ ಬಂತು. ಅವಳ ತಂದೆ ಮಾತ್ರ ಈಗಲೂ ಸಂಜೆಯ ವಾರ್ತೆ ಮುಗಿದೊಡನೆ, “ಅಮ್ಮಾ, ಆ ಕಸದ ಬುಟ್ಟಿ ಒಂದು ಸಲ ನೋಡಿದೆಯಾ?” ಎಂದು ತಪ್ಪದೆ ಕೇಳುತ್ತಾರೆ.